ಎಷ್ಟು ಖರ್ಚಾಯಿತು, ಮೇಷ್ಟ್ರೇ?

ನಮ್ಮ ಶೆಟ್ಟಿಕೆರೆ ಕಡೆ ಇಬ್ಬರು ಎದುರಾದರೆ ಮೊದಲು ಮಳೆಯ ಮಾತು, ಆಮೇಲೆ ಕೊಬ್ಬರಿ ರೇಟು. ತಿಪಟೂರಿನ ಹರಾಜಿನಲ್ಲಿ ಕ್ವಿಂಟಾಲು ಎಷ್ಟಕ್ಕೆ ಹೋಯಿತು ಎಂಬುದು ಚಿಕ್ಕನಾಯಕನಹಳ್ಳಿ, ತುರುವೇಕೆರೆ ತಾಲೂಕುಗಳ ಹಳ್ಳಿಹಳ್ಳಿಗೂ ಸಂಜೆಯೊಳಗೆ ತಲುಪಿರುತ್ತದೆ. ಇಂಥ ಸೀಮೆಯಲ್ಲಿ ಪುಸ್ತಕ ಬರೆದವನಿಗೆ ಎದುರಾಗುವ ಪ್ರಶ್ನೆಯೂ ಅದೇ ಬಗೆಯದು. "ಎಷ್ಟು ಖರ್ಚಾಯಿತು, ಮೇಷ್ಟ್ರೇ?" ಕೇಳುವವರಲ್ಲಿ ಕುಹಕವಿಲ್ಲ. ಬೆಳೆದದ್ದು ಮಾರಾಟವಾಗಲಿ ಎಂಬ ಹಾರೈಕೆಯೇ ಇದೆ. ಆದರೂ ಈ ಪ್ರಶ್ನೆಗೆ ನೆಟ್ಟಗಿನ ಉತ್ತರ ಕೊಡಲು ನನಗೆ ಬಹಳ ವರ್ಷ ಬೇಕಾಯಿತು.

ನಾನು ಕ್ರೈಸ್ತ. ಶಾಲಾ ಮೇಷ್ಟ್ರಾಗಿದ್ದು ನಿವೃತ್ತನಾದವನು. ಒಂದಿಷ್ಟು ತೆಂಗಿನ ಮರಗಳಿವೆ. ಬರೆಯುವುದು ಸಣ್ಣಕತೆ. ನನ್ನ ಕತೆಗಳಲ್ಲಿ ಬರುವವರು ಬಹುಪಾಲು ನಮ್ಮವರೇ: ಆಸ್ಪತ್ರೆಯ ದಾದಿಯರು, ಉಪದೇಶಿಗಳು, ಬೋರ್ಡಿಂಗ್ ಶಾಲೆಯಲ್ಲಿ ಓದಿ ಊರಿಗೆ ಮರಳಿದ ಹುಡುಗರು, ತೋಟದ ಕೂಲಿಗೆ ಹೋಗುವ ಹೆಂಗಸರು. ನಮ್ಮ ಮನೆಮಾತು ಕನ್ನಡ, ಜಪವೂ ಕನ್ನಡದಲ್ಲೇ. ಲೆಂಟ್ ನಮಗೆ ತಪಸ್ಸುಕಾಲ, ಬ್ಯಾಪ್ಟಿಸಂ ಜ್ಞಾನಸ್ನಾನ, ರೋಸರಿ ಜಪಸರ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ನಾನಿರುವ ಬೀದಿಯಲ್ಲಿ ನಮ್ಮದೊಂದೇ ಕ್ರೈಸ್ತ ಮನೆ. ಭಾನುವಾರದ ಪೂಜೆಗೆ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಬೇಕು.

ಕ್ರೈಸ್ತರು ಕನ್ನಡ ಬರವಣಿಗೆಗೆ ಹೊಸಬರಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. 1894ರಲ್ಲಿ ಬಂದ ಕಿಟೆಲ್ ನಿಘಂಟನ್ನು ಬಲ್ಲದವರಿಲ್ಲ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಬೋಧಕರು; 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಅಚ್ಚಾದದ್ದು ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ. ಹೀಗೆ ಪತ್ರಿಕೆ, ನಿಘಂಟು, ಗ್ರಂಥ ಸಂಪಾದನೆ, ಮುದ್ರಣ ಎಲ್ಲ ಕಡೆ ನಮ್ಮವರ ಕೈ ಇದೆ. ಆದರೆ ಕ್ರೈಸ್ತ ಮನೆಯ ಒಳಗಿನ ಬದುಕು, ಅಲ್ಲಿನ ಜಗಳ, ಸಾಲ, ಸಾವು ಕನ್ನಡದಲ್ಲಿ ಕತೆಯಾದದ್ದು ಕಡಿಮೆ.

ಅಮೆರಿಕದಲ್ಲಿ 'ಕ್ರೈಸ್ತ ಕಥಾಸಾಹಿತ್ಯ' ಎಂಬುದಕ್ಕೆ ಅಂಗಡಿಯಲ್ಲಿ ಬೇರೆಯೇ ಕಪಾಟಿದೆ. ಅದಕ್ಕೆ ಬೇರೆ ಪ್ರಕಾಶಕರು, ಬೇರೆ ಪ್ರಶಸ್ತಿ. 1995ರಲ್ಲಿ ಶುರುವಾದ 'ಲೆಫ್ಟ್ ಬಿಹೈಂಡ್' ಎಂಬ ಕಾದಂಬರಿ ಮಾಲೆಯ ಪ್ರತಿಗಳು ಕೋಟಿಗಟ್ಟಲೆ ಮಾರಾಟವಾದವು. ಅಲ್ಲಿ ಬರೆಯುವವನಿಗೆ ತನ್ನ ಓದುಗ ತನ್ನ ವಿಶ್ವಾಸದವನೇ ಎಂಬ ಖಾತರಿ ಇದೆ. ನಮ್ಮಲ್ಲಿ ಅಂಥ ಕಪಾಟು ಇಲ್ಲ. ಅದು ಇಲ್ಲದಿರುವುದೇ ನನ್ನ ಪುಣ್ಯವೆಂದು ಈಗ ಅನ್ನಿಸುತ್ತದೆ. ನನ್ನ ಕತೆಯನ್ನು ಓದುವವರು ಲಿಂಗಾಯತರು, ಒಕ್ಕಲಿಗರು, ಕುರುಬರು, ಮುಸ್ಲಿಮರು. ಅವರ ಮುಂದೆ ಸುಳ್ಳು ಭಕ್ತಿಯೂ ನಡೆಯುವುದಿಲ್ಲ, ಸುಳ್ಳು ಬಂಡಾಯವೂ ನಡೆಯುವುದಿಲ್ಲ.

ನನ್ನ ಮಟ್ಟಿಗೆ ಈ ಮಾತು ಖಚಿತವಾದದ್ದು ಒಂದು ಕತೆಯ ದೆಸೆಯಿಂದ. ಕತೆ ಹೀಗಿದೆ: ತೆಂಗಿನ ಸೀಮೆಯ ಹಳ್ಳಿಯಲ್ಲಿ ಒಂದೇ ಒಂದು ಕ್ರೈಸ್ತ ಮನೆ. ಮನೆಯ ಮುದುಕಿ ಮಳೆಗಾಲದ ರಾತ್ರಿ ತೀರಿಕೊಳ್ಳುತ್ತಾಳೆ. ಊರಿನಲ್ಲಿ ಅವರಿಗೆ ಮಣ್ಣು ಮಾಡುವ ಜಾಗವಿಲ್ಲ. ಪಟ್ಟಣದ ಚರ್ಚಿಗೆ ಮಗ ಹೋದರೆ, ವರ್ಷಗಳಿಂದ ವಂತಿಗೆ ಕಟ್ಟಿಲ್ಲವೆಂದು ಅಲ್ಲಿನವರು ಮೊದಲು ಬಾಕಿಯ ಪುಸ್ತಕ ತೆಗೆಯುತ್ತಾರೆ. ಕೊನೆಗೆ ಪಕ್ಕದ ತೋಟದ ಲಿಂಗಾಯತ ಯಜಮಾನರು ತಮ್ಮ ಬದುವಿನ ಅಂಚಿನಲ್ಲಿ ಆರಡಿ ಜಾಗ ಬಿಟ್ಟುಕೊಡುತ್ತಾರೆ. ಪಾದ್ರಿಗಳಿಲ್ಲದ ಆ ಗುಂಡಿಯ ಮುಂದೆ ಮಗ ತನಗೆ ಅರ್ಧಂಬರ್ಧ ಬರುವ ಪ್ರಾರ್ಥನೆ ಹೇಳುತ್ತಾನೆ. ಇಷ್ಟೇ ಕತೆ.

ಇದನ್ನು ಒಂದು ಪತ್ರಿಕೆಗೆ ಕಳಿಸಿದೆ. ಸಂಪಾದಕರು ಫೋನ್ ಮಾಡಿ ಮೆಚ್ಚಿಕೊಂಡರು. ಆಮೇಲೆ, "ಕೊನೆಯ ಪ್ರಾರ್ಥನೆ ಒಂದನ್ನು ತೆಗೆದುಬಿಡಿ, ಪ್ರಚಾರ ಅನ್ನಿಸಬಹುದು" ಎಂದರು. ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದ 2022ನೇ ಇಸವಿ ಅದು. ಅವರ ಅಂಜಿಕೆ ನನಗೆ ಅರ್ಥವಾಯಿತು. ಆದರೆ ತಾಯಿಯನ್ನು ಮಣ್ಣಿಗಿಡುವಾಗ ಮಗ ಮೌನವಾಗಿ ನಿಂತ ಎಂದು ಬರೆದರೆ ಅದು ನಮ್ಮ ಮನೆಯ ಸಾವು ಆಗುವುದಿಲ್ಲ. ಪ್ರಾರ್ಥನೆ ತೆಗೆಯಲಿಲ್ಲ, ಕತೆ ಅಲ್ಲಿ ಬರಲಿಲ್ಲ. ಮುಂದೆ ನನ್ನ ಸಂಕಲನದಲ್ಲಿ ಸೇರಿತು.

ಸಂಕಲನ ಬಂದ ಮೇಲೆ ಇನ್ನೊಂದು ದಿಕ್ಕಿನಿಂದ ಮಾತು ಬಂತು. ನಮ್ಮ ಸಭೆಯ ಹಿರಿಯರೊಬ್ಬರು ಪೂಜೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನಾವಿರೋದೇ ಹಿಡಿಯಷ್ಟು ಜನ. ಚರ್ಚಿನ ಬಾಕಿ ಲೆಕ್ಕಾನ ಊರಿಗೆಲ್ಲ ಓದಿ ಹೇಳ್ಬೇಕಿತ್ತಾ?" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅಂದಿನಿಂದ ಕೆಲವರು ಮಾತು ಕಡಿಮೆ ಮಾಡಿದರು. ಒಂದು ಮದುವೆಗೆ ನಮ್ಮನ್ನು ಕರೆಯಲಿಲ್ಲ. ಇದು ನನಗಿಂತ ನನ್ನ ಹೆಂಡತಿಗೆ ಹೆಚ್ಚು ತಾಗಿತು. ಒಂದು ರಾತ್ರಿ ಆಕೆ ಕೇಳಿದಳು, "ನೀವು ಬರೆದದ್ದು ಸುಳ್ಳಾ?" ಅಲ್ಲ ಎಂದೆ. "ಹಂಗಾದ್ರೆ ಸುಮ್ಮನಿರಿ" ಎಂದು ದೀಪ ಆರಿಸಿದಳು.

ಹೊರಗಿನವರಿಗೆ ಪ್ರಾರ್ಥನೆ ಹೆಚ್ಚಾಯಿತು, ಒಳಗಿನವರಿಗೆ ದೂರು ಹೆಚ್ಚಾಯಿತು. ಸಣ್ಣ ಸಮುದಾಯದ ಬಗ್ಗೆ ಬರೆಯುವವರೆಲ್ಲರ ಪಾಡು ಇದೇ ಎಂಬುದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಿ ತಿಳಿಯಬೇಕಾದ್ದಲ್ಲ. 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್ ಅವರೂ, ಹಾಸನದ ಬಾನು ಮುಷ್ತಾಕ್ ಅವರೂ ತಮ್ಮವರ ಮುನಿಸನ್ನು ಉಂಡೇ ಬರೆದರು. ಜಪಾನಿನ ಶೂಸಾಕು ಎಂಡೋ ಎಂಬ ಕ್ಯಾಥೊಲಿಕ್ ಲೇಖಕ, ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸಿನಲ್ಲಿರುವ ದೇಶದಲ್ಲಿ, 1966ರಲ್ಲಿ ಒಂದು ಕಾದಂಬರಿ ಬರೆದರು. ಅದರ ಹೆಸರಿನ ಅರ್ಥ 'ಮೌನ'. ಹಿಂಸೆಗೆ ಸಿಕ್ಕ ಬಡವರ ಜೀವ ಉಳಿಸಲು ಕ್ರಿಸ್ತನ ಚಿತ್ರವನ್ನು ತುಳಿಯುವ ಒಬ್ಬ ಪಾದ್ರಿಯ ಕತೆ ಅದು. ಅವರ ಧರ್ಮದವರಲ್ಲೇ ಹಲವರಿಗೆ ಅದು ಸೇರಲಿಲ್ಲ. ಇವರೆಲ್ಲ ನನಗಿಂತ ಬಹಳ ದೊಡ್ಡವರು. ಸಮಾಧಾನಕ್ಕಾಗಿ ಅವರ ಹೆಸರು ಹೇಳಿದೆನೇ ಹೊರತು ಹೋಲಿಕೆಗಾಗಿ ಅಲ್ಲ.

ನಮ್ಮಲ್ಲೇ ದಾರಿ ತೋರಿದವರು ಸಾಗರದ ನಾ. ಡಿಸೋಜ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಮುಳುಗಡೆಯ ನೋವು ಬರೆದವರೆಂದು ನೆನೆದವು. ಶರಾವತಿ ಯೋಜನೆಯ ಕಚೇರಿಯಲ್ಲಿ ನೌಕರಿ ಮಾಡುತ್ತ, ಆ ಯೋಜನೆ ಮುಳುಗಿಸಿದ ಊರುಗಳ ಕತೆಯನ್ನು ಅವರು ಬರೆದರು. 'ದ್ವೀಪ' ಕಾದಂಬರಿಯ ಗಣಪಯ್ಯ, ನಾಗವೇಣಿ ಕ್ರೈಸ್ತರಲ್ಲ. ಅಡಿಕೆ ತೋಟದ ಹವ್ಯಕರು. ಕ್ರೈಸ್ತನೊಬ್ಬ ಹವ್ಯಕರ ಮನೆಯ ಒಳಗನ್ನು ಹೇಗೆ ಬರೆದನೆಂದು ಯಾರೂ ಹುಬ್ಬೇರಿಸಲಿಲ್ಲ. ಗಿರೀಶ ಕಾಸರವಳ್ಳಿಯವರು ಅದನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಅದೇ ಕೈ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಕಾದಂಬರಿಯನ್ನೂ ಬರೆಯಿತು. ನೆರೆಯವರ ನೋವನ್ನು ತನ್ನದೆಂದು ಬರೆಯುವುದು, ತನ್ನ ಮನೆಯನ್ನು ನೆರೆಯವರ ಮುಂದೆ ಅಂಜದೆ ತೆರೆದಿಡುವುದು, ಎರಡೂ ಅವರಿಗೆ ಒಂದೇ ಕೆಲಸವಾಗಿತ್ತು. 2014ರ ಮಡಿಕೇರಿ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ನನಗೆ ಸಂತೋಷವಾದದ್ದು ನಮ್ಮವರೊಬ್ಬರು ಆದರೆಂದಲ್ಲ. ಅವರನ್ನು ಯಾರೂ ಕ್ರೈಸ್ತ ಲೇಖಕರೆಂದು ಬೇರೆ ಸಾಲಿನಲ್ಲಿ ಕೂರಿಸಲಿಲ್ಲವೆಂದು.

ಹಾಗಾದರೆ ಮಾರಾಟದ ಲೆಕ್ಕಕ್ಕೆ ಬೆಲೆಯಿಲ್ಲವೇ? ಇದೆ. ತೆಂಗು ಬೆಳೆಯುವವನು ರೇಟು ಬೇಡವೆಂದರೆ ಅದು ಬೂಟಾಟಿಕೆ. ಆದರೆ ರೇಟು ಏನನ್ನು ಹೇಳುತ್ತದೆ ಎಂಬುದೂ ನಮಗೆ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಒಂಬತ್ತು ಸಾವಿರವೂ ಸಿಗದ ದಿನಗಳಿದ್ದವು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಮರ ಅವೇ, ಅಟ್ಟ ಅದೇ. ಎರಡು ವರ್ಷವೂ ಕಾಯಿ ಹತ್ತು-ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಸದ್ದು ಮಾಡುವ ತನಕ ಒಣಗಿತ್ತು. ಬದಲಾದದ್ದು ಮಾರುಕಟ್ಟೆ, ಕೊಬ್ಬರಿಯಲ್ಲ. ರೇಟು ಕೇಳಿ ರೈತ ತನ್ನ ಸಾಲದ ಲೆಕ್ಕ ಹಾಕಬಹುದು. ತನ್ನ ಕಾಯಿಯ ಗುಣ ತಿಳಿಯಲು ಅದನ್ನು ಒಡೆದೇ ನೋಡಬೇಕು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮೂರಿನ ಬಸ್ ನಿಲ್ದಾಣದಲ್ಲೂ ಅದೇ ಮಾತು. ಆ ಪುಸ್ತಕದ ಹನ್ನೆರಡು ಕತೆಗಳು 1990ರಿಂದ 2023ರ ನಡುವೆ ಬರೆದವು. ಪ್ರಶಸ್ತಿ ಬಂದ ದಿನವೇ ಅವರು ಯಶಸ್ವಿಯಾದರು ಎಂದರೆ ಹಿಂದಿನ ಮೂವತ್ತು ವರ್ಷವನ್ನು ಏನೆಂದು ಕರೆಯುವುದು? ಆ ಕತೆಗಳು ಹಾಸನದ ಬೀದಿಗಳಲ್ಲಿ ಓದಿದವರ ಎದೆಗೆ ಅಂದೇ ತಾಗಿದ್ದವು. ಲಂಡನ್ನಿಗೆ ಸುದ್ದಿ ತಡವಾಗಿ ಹೋಯಿತು, ಅಷ್ಟೇ.

ನನ್ನ ಸಂಕಲನ ಅಚ್ಚಾದದ್ದು ಐನೂರು ಪ್ರತಿ. ಅದರ ಓದುಗರಲ್ಲಿ ಒಬ್ಬರನ್ನು ಹೇಳಲೇಬೇಕು. ನಮ್ಮ ತೋಟದ ಕಾಯಿ ಸಿಪ್ಪೆ ಒಯ್ಯಲು ವರ್ಷಕ್ಕೆ ಒಂದೆರಡು ಸಲ ಬರುವ ಮುಸ್ಲಿಂ ವ್ಯಾಪಾರಿ. ಅವರ ಮಗಳು ಪಿ.ಯು. ಓದುತ್ತಿದ್ದಳು, ನಮ್ಮ ಮನೆಯಿಂದ ಪುಸ್ತಕ ಒಯ್ದು ಆ ಕತೆಯನ್ನು ತಂದೆಗೆ ಓದಿ ಹೇಳಿದ್ದಳು. ಮುಂದಿನ ಸಲ ಬಂದಾಗ ಅವರು ಸಿಪ್ಪೆಯ ಮಾತು ಎತ್ತದೆ ಜಗಲಿಯ ಮೇಲೆ ಕೂತರು.

"ಮೇಷ್ಟ್ರೇ, ನಿಮ್ಮಲ್ಲೂ ಹಿಡಿ ಮಣ್ಣು ಹಾಕ್ತೀರಾ?"

"ಹಾಕ್ತೀವಿ, ಭಾಯ್."

"ನಮ್ಮಲ್ಲೂ ಮೂರು ಹಿಡಿ ಹಾಕ್ತೀವಿ. ಕೊರೋನಾ ಎರಡನೇ ಸಲ ಬಂದಾಗ ನಮ್ಮ ಅಬ್ಬಾ ಹೋದ್ರು. ಹತ್ರ ಬಿಡ್ಲಿಲ್ಲ. ಆ ಮೂರು ಹಿಡಿ ನನ್ನ ಕೈಯಿಂದ ಹಾಕಕ್ಕಾಗ್ಲಿಲ್ಲ. ನಿಮ್ಮ ಕತೇಲಿ ಆ ಮಗ ಹಾಕಿದ್ನಲ್ಲ, ಆಗ ನಾನೂ ಹಾಕ್ದೆ ಅನ್ನಿಸ್ತು."

ಪುಸ್ತಕದ ದುಡ್ಡು ಕೊಡಲು ಜೇಬಿಗೆ ಕೈ ಹಾಕಿದರು. ಸಿಪ್ಪೆ ಲೆಕ್ಕದಲ್ಲಿ ಹಿಡಿದುಕೊಳ್ಳಿ ಎಂದೆ. ಅವರು ನಿಜವಾಗಿಯೂ ಹಿಡಿದುಕೊಂಡರು.

ನಮ್ಮದೇ ತಾಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಕನ್ನಡಕ್ಕೆ ಕೊಟ್ಟರು. ನಮ್ಮ ಹಳೆಯ ಮೀಮಾಂಸಕರು ಕಾವ್ಯದ ಸಾರ್ಥಕತೆಯನ್ನು ಅಳೆದದ್ದು ಸಹೃದಯನಿಂದ. ಬರೆದವನ ಹೃದಯಕ್ಕೆ ಸಮನಾಗಿ ಮಿಡಿಯುವ ಹೃದಯವುಳ್ಳವನು ಸಹೃದಯ. ಅವನು ಯಾವ ಜಾತಿ, ಯಾವ ಮತದವನೆಂಬ ಷರತ್ತು ಆ ಮಾತಿನಲ್ಲಿ ಇಲ್ಲ. ತರಗತಿಯಲ್ಲಿ ಈ ಪದದ ಅರ್ಥವನ್ನು ಎಷ್ಟೋ ವರ್ಷ ಹೇಳಿಕೊಟ್ಟಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಸಿಪ್ಪೆ ವ್ಯಾಪಾರಿಯ ಮುಖದಲ್ಲಿ.

ಈಗ ನನಗೆ ಎರಡು ಅಳತೆಗಳಿವೆ. ನೆರೆಯವನು ಓದಿ "ಇದು ಅವರ ಕತೆ" ಎಂದು ಮಡಿಸಿಡಬಾರದು. ನಮ್ಮವನು ಓದಿ, ಎಷ್ಟೇ ಮುನಿದರೂ, "ಇದು ಸುಳ್ಳು" ಎನ್ನಬಾರದು. ಆ ಹಿರಿಯರು ಇವತ್ತಿಗೂ ನನ್ನ ಕತೆಯನ್ನು ಮೆಚ್ಚಿಲ್ಲ. ಆದರೆ ಅದು ಸುಳ್ಳೆಂದು ಒಮ್ಮೆಯೂ ಹೇಳಿಲ್ಲ. ಅವರ ಆ ಮೌನಕ್ಕೆ ನಾನು ಋಣಿ. ನೋಯಿಸಬೇಕೆಂದು ಬರೆದರೆ ಅದು ಬೇರೆ ಪಾಪ. ನೋವಾಗುತ್ತದೆಂದು ಮುಚ್ಚಿಟ್ಟರೆ ದೇವರ ಮುಂದೆ ಇಡುವ ಲೆಕ್ಕದಲ್ಲಿ ಒಂದು ಬಾಕಿ ಉಳಿಯುತ್ತದೆ.

ಐನೂರರಲ್ಲಿ ನೂರಾ ಎಂಬತ್ತು ಪ್ರತಿಗಳು ಇನ್ನೂ ಮನೆಯಲ್ಲಿವೆ. ಕೇಳಿದವರಿಗೆ ಸಂಖ್ಯೆಯನ್ನು ಮುಚ್ಚಿಡದೆ ಹೇಳುತ್ತೇನೆ. ಪಟ್ಟಣದ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ಒಬ್ಬ ದಾದಿಯ ಕತೆ ಈಗ ಅರ್ಧಕ್ಕೆ ಬಂದಿದೆ. ಅದನ್ನು ಯಾರು ಅಚ್ಚು ಮಾಡುತ್ತಾರೋ ತಿಳಿಯದು. ಪ್ರಾರ್ಥನೆ ಬರಬೇಕಾದ ಕಡೆ ಪ್ರಾರ್ಥನೆ ಇರಲಿ, ಬಾಕಿ ಬರಬೇಕಾದ ಕಡೆ ಬಾಕಿ ಇರಲಿ ಎಂದುಕೊಂಡು ದಿನಕ್ಕೆ ಒಂದು ಪುಟ ಬರೆಯುತ್ತಿದ್ದೇನೆ.