ಮಂಡಕ್ಕಿ ಉಂಡೆಗೆ ಯಾವ ಹಬ್ಬ?

ನಮ್ಮ ಮನೆಯ ಸಿಹಿತಿಂಡಿಗಳಲ್ಲಿ ಎರಡು ಜಾತಿ. ಒಂದು ದೇವರದ್ದು, ಇನ್ನೊಂದು ಮಕ್ಕಳದ್ದು. ಚೌತಿಯ ಪಂಚಕಜ್ಜಾಯ, ಯುಗಾದಿಯ ಹೋಳಿಗೆ ಎಲ್ಲ ಮೊದಲನೆಯ ಗುಂಪು. ಮಡಿಯಲ್ಲಿ ಮಾಡಬೇಕು, ನೈವೇದ್ಯಕ್ಕೆ ಮುಂಚೆ ಬೆರಳು ತಾಗಿಸಿದ್ರೆ ಬೈಗುಳ ಗ್ಯಾರಂಟಿ. ಎರಡನೆಯ ಗುಂಪಿಗೆ ತಿಥಿ, ನಕ್ಷತ್ರ ಏನೂ ಬೇಡ. ಅವಲಕ್ಕಿಗೆ ಕಾಯಿತುರಿ ಬೆಲ್ಲ ಕಲಸಿದ್ದು, ಬಾಳೆಹಣ್ಣಿನ ರಸಾಯನ, ನೆಲಗಡಲೆ ಉಂಡೆ, ಮಂಡಕ್ಕಿ ಉಂಡೆ. ಇವನ್ನು ಮಾಡ್ತಾ ಮಾಡ್ತಾನೇ ತಿನ್ನಬಹುದು. ಡಬ್ಬಿಗೆ ಹೋಗೋದು ಉಳಿದದ್ದು ಮಾತ್ರ.

ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾದದ್ದು ಕಳೆದ ದಸರಾ ರಜೆಯಲ್ಲಿ, ಹರಿಹರಪುರದಲ್ಲಿ. ಅಪ್ಪಯ್ಯ ಹೋಗಿ ಏಳು ತಿಂಗಳಾಗಿತ್ತು. ವರ್ಷಾಂತಿಕ ಮುಗಿಯುವ ತನಕ ಮನೆಯಲ್ಲಿ ಹಬ್ಬ ಇಲ್ಲ, ಹಬ್ಬದ ಸಿಹಿಯೂ ಇಲ್ಲ. ಚೌತಿಗೆ ಪಕ್ಕದ ಮನೆಯವರು ಕಡುಬು ತಂದುಕೊಟ್ಟಿದ್ದರಂತೆ. ಅಮ್ಮ ಅದನ್ನು ತೋಟದ ಕೆಲಸಕ್ಕೆ ಬರುವವರ ಮಕ್ಕಳಿಗೆ ಕೊಟ್ಟು ಡಬ್ಬಿ ತೊಳೆದಿಟ್ಟಿದ್ದಳು. ಅಷ್ಟೇ ಅಲ್ಲ, ತನ್ನ ಕಾಫಿಗೂ ಸಕ್ಕರೆ ಹಾಕಿಕೊಳ್ತಿರಲಿಲ್ಲ. ಅದು ಯಾವ ಶಾಸ್ತ್ರದಲ್ಲೂ ಇಲ್ಲ, ಅವಳದ್ದೇ ಸೇರ್ಪಡೆ. ತೆಳ್ಳಗಾಗಿದ್ದಳು. ಅಕ್ಕ ಫೋನಲ್ಲಿ ಹೇಳಿ ಕಳಿಸಿದ್ದು ಒಂದೇ ಮಾತು: "ಈ ಸಲ ಅಮ್ಮನ್ನ ಬೆಂಗಳೂರಿಗೆ ಕರ್ಕೊಂಡೇ ಬಾ."

ಜೊತೆಗೆ ನನ್ನ ಮಗಳು, ಆರು ವರ್ಷ. ಅಕ್ಕನ ಮಗ, ಒಂಬತ್ತು. ಮೊದಲ ಎರಡು ದಿನ ತುಂಗೆ, ಮಠ, ತೋಟ ಅಂತ ಕಳೆಯಿತು. ಮೂರನೇ ದಿನ ಬಿಡದೆ ಮಳೆ, ಕರೆಂಟಿಲ್ಲ, ಟ್ಯಾಬಿನ ಚಾರ್ಜೂ ಮುಗಿಯಿತು. ಮಗಳು ಅಡಿಗೆಮನೆಗೆ ಹೋಗಿ ಕೇಳಿಯೇ ಬಿಟ್ಟಳು.

"ಅಜ್ಜಿ, ಸ್ವೀಟ್ ಎಂತ ಇದೆ?"

"ಎಂತದೂ ಇಲ್ಲ ಮಗಾ. ಈ ವರ್ಷ ಮಾಡೋ ಹಾಗಿಲ್ಲ. ಅಜ್ಜ ಹೋದ್ರಲ್ಲ."

"ಯಾಕೆ, ಅಜ್ಜಂಗೆ ಸ್ವೀಟ್ ಇಷ್ಟ ಇರ್ಲಿಲ್ವಾ?"

ನಾನು ಜಗಲಿಯಲ್ಲೇ ಉಸಿರು ಹಿಡಿದು ಕೂತೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ. ಅಮ್ಮ ಬೆಲ್ಲದ ಡಬ್ಬಿಯ ಜಾಗವನ್ನು ವರ್ಷಕ್ಕೆ ನಾಲ್ಕು ಸಲ ಬದಲಾಯಿಸ್ತಿದ್ದಳು, ಅವರು ನಾಲ್ಕು ಸಲವೂ ಹುಡುಕಿ ತೆಗೀತಿದ್ದರು. ಒಳಗಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅಮ್ಮನ ನಗು ಕೇಳಿತು. ಸಣ್ಣದು, ಕೆಮ್ಮಿನ ಹಾಗೆ.

"ಇಷ್ಟ ಇಲ್ದೆ ಎಂತ ಮಾರಾಯ್ತಿ! ಆಯ್ತು ಬಾ. ಮಂಡಕ್ಕಿ ಉಂಡೆಗೆ ಯಾವ ಹಬ್ಬ? ಅದು ಮಕ್ಕಳ ತಿಂಡಿ."

ತೀರ್ಪು ಬಂತು. ಮೇಲ್ಮನವಿಗೆ ಅವಕಾಶ ಇಲ್ಲದ ಕೋರ್ಟು ಅದು.

ಮಂಡಕ್ಕಿ ಮೆತ್ತಗಾಗಿತ್ತು. ಆಗುಂಬೆ ನಮಗೆ ಹತ್ತಿರ. ಇಲ್ಲಿನ ಗಾಳಿಯಲ್ಲಿ ಹಪ್ಪಳವೂ ಅರ್ಧ ಗಂಟೆಗೆ ಬಟ್ಟೆಯಂತಾಗ್ತದೆ. ಮೊದಲು ಸಣ್ಣ ಉರಿಯಲ್ಲಿ ಗರಿಗರಿ ಆಗುವವರೆಗೆ ಹುರಿದದ್ದಾಯಿತು. ಐದು ಲೋಟ ಮಂಡಕ್ಕಿಗೆ ಒಂದು ಲೋಟ ಪುಡಿಬೆಲ್ಲ, ಕರಗಲು ಬೇಕಾದಷ್ಟೇ ನೀರು. ಕರಗಿದ ಮೇಲೆ ಸೋಸಿ, ಕಸ ತೆಗೆದು, ಮತ್ತೆ ಒಲೆಗೆ. ಬಿಸಿ ಪಾಕ ಮೈಗೆ ಬಿದ್ದರೆ ಎಣ್ಣೆಗಿಂತ ಕಷ್ಟ, ಅಂಟಿಕೊಂಡು ಸುಡ್ತದೆ. ಹಾಗಾಗಿ ಮಕ್ಕಳಿಗೆ ಒಲೆಯ ಹತ್ತಿರ ಜಾಗ ಇಲ್ಲ. ಅವರಿಗೆ ಬೇರೆ ಕೆಲಸ: ತಣ್ಣೀರಿನ ಬಟ್ಟಲು ಹಿಡಿದು ಕೂರೋದು. ಅಮ್ಮ ಒಂದು ಹನಿ ಪಾಕ ಬಿಡ್ತಾಳೆ, ಅವರು ಮುಟ್ಟಿ ನೋಡಿ ವರದಿ ಕೊಡಬೇಕು.

ಮೊದಲ ಹನಿ ನೀರಲ್ಲಿ ಕರಗಿಹೋಯಿತು. ಎರಡನೆಯದು ತಳದಲ್ಲಿ ಜೆಲ್ಲಿಯಂತೆ ಹರಡಿತು. ಮೂರನೆಯದು ಮೆತ್ತನೆ ಗೋಲಿ.

ಅಕ್ಕನ ಮಗನಿಗೆ ಲೆಕ್ಕ ಇಷ್ಟ. ಅವನಿಗೆ ಅಲ್ಲೇ ವಿವರಿಸಿದೆ. ನೀರು 100 ಡಿಗ್ರಿಗೆ ಕುದಿಯುತ್ತದೆ, ಆದರೆ ಅದರಲ್ಲಿ ಸಕ್ಕರೆ ಜಾಸ್ತಿ ಆದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ಕುದಿದು ನೀರು ಹೋದ ಹಾಗೆ ಪಾಕ ಗಟ್ಟಿ, ಬಿಸಿಯೂ ಹೆಚ್ಚು. ಮೆತ್ತನೆ ಗೋಲಿಯ ಹದ ಸುಮಾರು 115 ಡಿಗ್ರಿ, ಗಟ್ಟಿ ಗೋಲಿ 120 ದಾಟಿದ ಮೇಲೆ, ಗಾಜಿನಂತೆ ಒಡೆಯುವ ಹದ 150ರ ಆಸುಪಾಸು. ಥರ್ಮಾಮೀಟರ್ ನೋಡಿದರೆ ಒಳಗೆ ನೀರೆಷ್ಟು ಉಳಿದಿದೆ ಅಂತ ಹೇಳಿಬಿಡಬಹುದು. ಹುಡುಗ ಕಣ್ಣರಳಿಸಿದ. ಅಮ್ಮ ಸಟ್ಟುಗ ಆಡಿಸ್ತಾ ಹೇಳಿದಳು, "ಹೌದಾ? ಅಷ್ಟು ಹೊತ್ತು ಭಾಷಣ ಮಾಡಿದ್ರೆ ಪಾಕ ಸೀದು ಹೋಗ್ತದೆ. ಬಟ್ಟಲು ಹಿಡಿ."

ನಾಲ್ಕನೇ ಹನಿಯನ್ನು ಮಗಳು ನೀರಿಂದ ತೆಗೆದು ಸ್ಟೀಲ್ ತಟ್ಟೆಗೆ ಹಾಕಿದಳು. ಟಣ್! ಸದ್ದು ಬಂದರೆ ಪಾಕ ಬಂತು ಅಂತ ಅರ್ಥ.

ಮುಂದೆ ಎಲ್ಲ ಓಟ. ಏಲಕ್ಕಿ, ಮಂಡಕ್ಕಿ ಸುರಿದು ಕಲಸಿ ಇಳಿಸಿದ ಮೇಲೆ ಉಂಡೆ ಕಟ್ಟಲು ಸಿಗೋದು ಎರಡೋ ಮೂರೋ ನಿಮಿಷ. ತಣಿದರೆ ಕಟ್ಟಲಿಕ್ಕೇ ಬರೋದಿಲ್ಲ. ಅಮ್ಮ ಮೊದಲು ತಾನು ಮುಟ್ಟಿ, ಸಣ್ಣ ಕೈಗೆ ತಡೆಯುವಷ್ಟು ಬಿಸಿ ಅಂತ ಖಾತ್ರಿ ಮಾಡಿಕೊಂಡು, ಮಕ್ಕಳ ಅಂಗೈಗೆ ತುಪ್ಪ ಸವರಿದಳು. ಅಮ್ಮ ಹತ್ತು ಕಟ್ಟುವಷ್ಟರಲ್ಲಿ ಮಗಳದ್ದು ಒಂದು, ಅದೂ ಉಂಡೆಯಲ್ಲ, ಆಲೂಗಡ್ಡೆ. ಹುಡುಗ ಕ್ರಿಕೆಟ್ ಬಾಲಿನಷ್ಟು ದೊಡ್ಡದು ಕಟ್ಟಿ, ಬಾಯಿ ಎಲ್ಲಿ ಹಾಕೋದು ಗೊತ್ತಾಗದೆ ಕೂತ. ಕೊನೆಗೆ ಬಾಣಲೆಗೆ ಅಂಟಿದ ಚೂರುಗಳನ್ನು ಅಮ್ಮ ಕೆರೆದು ತೆಗೆದಳು. ಮಗಳು ಒಂದು ಚೂರನ್ನು ನೇರ ಅಜ್ಜಿಯ ಬಾಯಿಗೇ ಇಟ್ಟಳು. ಅಮ್ಮ ಬೇಡ ಅನ್ನಲಿಲ್ಲ. ಅಗಿಯುತ್ತಾ ಕಿಟಕಿಯ ಕಡೆ ತಿರುಗಿ ನಿಂತಳು, ನಾನು ಜಗಲಿಗೆ ವಾಪಸ್ ಬಂದೆ.

ರಾತ್ರಿ ಬೆಂಗಳೂರಿನ ಮಾತು ತೆಗೆದೆ. "ವರ್ಷಾಂತಿಕ ಆಗ್ಲಿ, ಆಮೇಲೆ ನೋಡುವ" ಅಂದಳು. ಅಕ್ಕನಿಗೆ ಈ ಉತ್ತರ ಸಾಲಲಿಲ್ಲ. ಈಗಲೂ ವಾರಕ್ಕೊಮ್ಮೆ ಇದೇ ಜಗಳ ನಡೀತದೆ. ನನಗಂತೂ ಅಮ್ಮನನ್ನು ಒತ್ತಾಯ ಮಾಡಬೇಕು ಅನ್ನಿಸ್ತಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಅವಳು ಇಡೀ ದಿನ ಎಂತ ಮಾಡ್ತಾಳೆ ಅನ್ನೋದಕ್ಕೆ ಅಕ್ಕನ ಹತ್ತಿರವೂ ಉತ್ತರ ಇಲ್ಲ.

ಹೊರಡುವಾಗ ಒಂದು ಡಬ್ಬಿ ಉಂಡೆ ಕೊಟ್ಟಳು, ಮುಚ್ಚಳ ಭದ್ರ ಹಾಕಿ. ಬೆಲ್ಲ ಗಾಳಿಯ ಪಸೆ ಎಳ್ಕೊಳ್ತದೆ, ತೆರೆದಿಟ್ಟರೆ ಒಂದೇ ದಿನಕ್ಕೆ ಅಂಟಂಟು. ಅದು ಹಾಸನ ದಾಟುವಷ್ಟರಲ್ಲಿ ಅರ್ಧ ಆಯಿತು.

ಈಗ ತಿಂಗಳಿಗೊಂದು ಭಾನುವಾರ ನಮ್ಮ ಅಡಿಗೆಮನೆಯಲ್ಲೂ ಪಾಕ ಏಳ್ತದೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ವೀಡಿಯೊ ಕಾಲ್. ಅಂಗಡಿಯ ಹಳದಿ ಬೆಲ್ಲ ಕಂಡರೆ ಅಮ್ಮನಿಗೆ ಆಗೋದಿಲ್ಲ, "ಬಣ್ಣ ಬರ್ಲಿ ಅಂತ ಪೌಡರ್ ಹಾಕಿರ್ತಾರೆ, ಕಪ್ಪು ಬೆಲ್ಲ ತಗೋ" ಅಂತ ಪ್ರತಿ ಸಲ ಹೇಳ್ತಾಳೆ. ಅವಳಲ್ಲಿ ನೆಟ್‌ವರ್ಕ್ ಕೈಕೊಟ್ಟು ಚಿತ್ರ ನಿಂತುಬಿಡ್ತದೆ, ದನಿ ಮಾತ್ರ ಬರ್ತದೆ.

"ಚಿತ್ರ ಕಾಣ್ಲಿಲ್ಲಾಂದ್ರೆ ಅಡ್ಡಿಲ್ಲ ಪುಟ್ಟಿ. ತಟ್ಟೆಗೆ ಹಾಕು, ನಾನು ಕೇಳ್ತೆ."