ಒಂದು ನಾಣ್ಯ, ಒಂದು ಸ್ಟಾರ್



ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ. ಹತ್ತು ದಿನದಿಂದ ನಾಣ್ಯ ಸಂಗ್ರಹಕಾರರ ಒಂದು ಗ್ರೂಪಿನಲ್ಲಿ ನನ್ನ ಹೆಸರು, ಫೋಟೋ ಓಡಾಡ್ತಿದೆ. "ಇವರಿಗೆ ಮಾಲು ಕಳಿಸಬೇಡಿ, ರಿಟರ್ನ್ ಹೆಸರಲ್ಲಿ ಮೋಸ ಮಾಡ್ತಾರೆ" ಅಂತ ಒಬ್ಬ ಮಾರಾಟಗಾರರು ಬರೆದಿದ್ದಾರೆ. ಆ ಸ್ಕ್ರೀನ್‌ಶಾಟನ್ನ ನಿಮ್ಮಲ್ಲೇ ನಾಲ್ಕೈದು ಜನ ನನಗೆ ಕಳಿಸಿ "ಏನಣ್ಣ ಇದು?" ಅಂತ ಕೇಳಿದ್ರಿ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೀತಿದೀನಿ. ಮಾರಾಟಗಾರರ ಹೆಸರಾಗಲಿ, ಆ್ಯಪಿನ ಹೆಸರಾಗಲಿ ಇಲ್ಲಿ ಹಾಕಲ್ಲ. ಕಾಮೆಂಟಿನಲ್ಲೂ ಕೇಳಬೇಡಿ.

ಚಿಕ್ಕಬಾಣಾವರದಲ್ಲಿ ನಾವು ನಡೆಸೋ ಸಂಜೆ ಪಾಠದ ಬಗ್ಗೆ ಹಳಬರಿಗೆ ಗೊತ್ತು. ಪ್ರತಿ ಏಪ್ರಿಲ್ 14ಕ್ಕೆ ಚೆನ್ನಾಗಿ ಓದಿದ ಮಕ್ಕಳಿಗೆ ಪುಸ್ತಕ ಕೊಡ್ತಿದ್ವಿ. ಈ ಸಲ ಒಂದು ವಿಚಾರ ಬಂತು. ಬಾಬಾಸಾಹೇಬರ ಮುಖ ಇರೋ 125 ರೂಪಾಯಿ ನಾಣ್ಯ ಕೊಟ್ರೆ ಹೇಗೆ? ಅವರ 125ನೇ ಜಯಂತಿ ವರ್ಷದಲ್ಲಿ, 2015ರ ಡಿಸೆಂಬರ್ 6ರಂದು, ಪ್ರಧಾನಿ ಬಿಡುಗಡೆ ಮಾಡಿದ ಎರಡು ನಾಣ್ಯಗಳಲ್ಲಿ ಅದೊಂದು. ಇನ್ನೊಂದು 10 ರೂಪಾಯಿದು, ಅದು ಚಲಾವಣೆಗೆ ಬಂತು. (ಬಂದು ಏನು ಪ್ರಯೋಜನ? "ಹತ್ತರ ಕಾಯಿನ್ ನಡೆಯಲ್ಲ" ಅಂತ ಎಷ್ಟು ಅಂಗಡಿಯವರು ಇವತ್ತಿಗೂ ವಾಪಸ್ ತಳ್ತಾರೆ. ಹತ್ತು ರೂಪಾಯಿಯ ಎಲ್ಲ 14 ವಿನ್ಯಾಸಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಯಾರು ಕೇಳ್ತಾರೆ!) 125ರ ನಾಣ್ಯ ಪೇಟೆಗೆ ಬಿಡೋಕೆ ಮಾಡಿದ್ದಲ್ಲ, ಇಟ್ಕೊಳ್ಳೋಕೆ ಮಾಡಿದ್ದು. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅದರಲ್ಲಿ ಅರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಇಂಥ ನಾಣ್ಯಗಳನ್ನ ಸರ್ಕಾರಿ ಟಂಕಸಾಲೆ ಬುಕ್ಕಿಂಗ್ ಮೇಲೆ ಮಾರುತ್ತೆ. ಆಮೇಲೆ ಬೇಕಾದವರು ಎರಡನೇ ಕೈಯಿಂದಲೇ ಕೊಳ್ಳಬೇಕು.

ಮನೆಗೆ ಇಷ್ಟು ಅಂತ ಎತ್ತಿದ್ವಿ. ಪೌರಕಾರ್ಮಿಕ ಅಕ್ಕಂದಿರು, ಆಟೋದವರು, ಗಾರ್ಮೆಂಟ್ಸಿಗೆ ಹೋಗೋ ಹುಡುಗಿಯರು ಕೊಟ್ಟ ನೂರು, ಇನ್ನೂರು. ಮೊದಲು ಒಂದು ನಾಣ್ಯ ತರಿಸಿ ನೋಡೋಣ, ಚೆನ್ನಾಗಿದ್ರೆ ಇನ್ನೊಂದು ಅಂತ ತೀರ್ಮಾನ ಆಯ್ತು. ₹3,200 ಕಟ್ಟಿದೆ. ನಾನು ಗುಮಾಸ್ತ. ಊರಿನ ದುಡ್ಡು ಕೈಗೆ ಬಂದ್ರೆ ಖರ್ಚಿನ ಪಕ್ಕ ರಸೀದಿ ಇರಲೇಬೇಕು ಅನ್ನೋದು ರಕ್ತದಲ್ಲೇ ಬಂದುಬಿಟ್ಟಿದೆ. ಆಫೀಸಲ್ಲಿ ಟಪಾಲು ಬಂದ್ರೆ ಲಕೋಟೆ ಸಮೇತ ಕಡತಕ್ಕೆ ಸೇರಿಸೋ ಹಾಗೆ ಈ ಕೊರಿಯರನ್ನೂ ಒಡೆದೆ. ಮೇಲಿನ ಚೀಟಿಯಿಂದ ಹಿಡಿದು ನಾಣ್ಯ ಹೊರಗೆ ಬರೋವರೆಗೆ ನನ್ನ ತಂಗಿ ಮಗ ಮೊಬೈಲಲ್ಲಿ ವಿಡಿಯೋ ಮಾಡಿದ, ಎಲ್ಲೂ ನಿಲ್ಲಿಸದೆ.

ಪಾರದರ್ಶಕ ಡಬ್ಬಿಯೊಳಗೆ ನಾಣ್ಯ ಇತ್ತು. ಹೊಳೀತಿತ್ತು, ಸ್ವಲ್ಪ ಜಾಸ್ತಿನೇ ಹೊಳೀತಿತ್ತು. ಸಿಂಹದ ಕೆಳಗಿನ 'ಸತ್ಯಮೇವ ಜಯತೇ' ಅಕ್ಷರಗಳು ಬಿಸಿಲಿಗಿಟ್ಟ ಮೇಣದ ಹಾಗೆ ಕರಗಿದ್ವು. ಡಬ್ಬಿ ತೆಗೆಯದೆ ಹಾಗೇ ಮೇನ್ ರೋಡಿನ ಬೆಳ್ಳಿ ಅಂಗಡಿಗೆ ತಗೊಂಡು ಹೋದೆ. ಡಬ್ಬಿ ಸಮೇತ ತೂಕ 24 ಗ್ರಾಂ. ಅಂಗಡಿಯವರು ಅಯಸ್ಕಾಂತ ಹತ್ತಿರ ಹಿಡಿದ್ರು, ಡಬ್ಬಿನೇ ಎದ್ದು ಅಂಟ್ಕೊಳ್ತು. ಅರ್ಧ ಬೆಳ್ಳಿ ಇರೋ ನಾಣ್ಯ ಅಯಸ್ಕಾಂತಕ್ಕೆ ಹಿಡಿಯಲ್ಲ. "ಒಳಗೆ ಕಬ್ಬಿಣ ಸಾರ್, ಮೇಲೆ ಪಾಲಿಶ್ ಹೊಡೆದವ್ರೆ" ಅಂದ್ರು. ತೂಕದ ಚೀಟಿ ಬರೆಸಿಕೊಂಡು ಸೀಲು ಹಾಕಿಸಿಕೊಂಡೆ.

ಅವತ್ತೇ ಆ್ಯಪಿನಲ್ಲಿ ರಿಟರ್ನ್ ಹಾಕಿದೆ. ಉತ್ತರ: ಸಂಗ್ರಹ ವಸ್ತುಗಳಿಗೆ ರಿಟರ್ನ್ ಇಲ್ಲ. ಮಾರಾಟಗಾರರಿಗೆ ಫೋನ್ ಮಾಡಿದೆ. ಮೊದಲ ಸಲ ಬಹಳ ಮರ್ಯಾದೆ. "ಸರ್, ಚೆಕ್ ಮಾಡ್ತೀನಿ ಸರ್, ವಾಟ್ಸ್ಯಾಪ್‌ಗೆ ಫೋಟೋ ಹಾಕಿ ಸರ್." ಹಾಕಿದೆ. ನನ್ನ ವಾಟ್ಸ್ಯಾಪ್ ಡಿಪಿ ಯಾವುದು ಅಂತ ನಿಮಗೆ ಗೊತ್ತು, ನೀಲಿ ಕೋಟು. ಎರಡನೇ ಸಲ ಫೋನ್ ಮಾಡಿದಾಗ 'ಸರ್' ಇರಲಿಲ್ಲ. "ನಾನು ಕಳಿಸಿದ್ದು ಅಸಲಿ. ನೀವು ಬದಲಾಯಿಸಿದ್ದೀರಿ. ನಿಮ್ಮಂಥೋರನ್ನ ಎಷ್ಟು ಜನ ನೋಡಿಲ್ಲ. ಎಲ್ಲ ಪುಕ್ಕಟೆ ಬೇಕು ನಿಮಗೆ."

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಅಸಲಿ ತರಿಸಿಕೊಂಡು ನಕಲಿ ವಾಪಸ್ ಕಳಿಸೋ ಗಿರಾಕಿಗಳೂ ಇದ್ದಾರೆ. ನಾಣ್ಯ, ಮೊಬೈಲು, ಒಡವೆ ಮಾರೋರಿಗೆ ಆ ಭಯ ಇರೋದು ಸುಳ್ಳಲ್ಲ. ಅದಕ್ಕೇ ನಾನು ಹೇಳಿದೆ, ವಿಡಿಯೋ ಇದೆ ನೋಡಿ, ತೂಕದ ಚೀಟಿ ಇದೆ ನೋಡಿ, ನೀವು ಪ್ಯಾಕ್ ಮಾಡುವಾಗ ತೂಕ ಹಾಕಿದ ದಾಖಲೆ ಇದ್ರೆ ಕಳಿಸಿ, ಎರಡನ್ನೂ ಪಕ್ಕಪಕ್ಕ ಇಡೋಣ. ಅವರು ವಿಡಿಯೋ ತೆರೆದು ನೋಡಲೇ ಇಲ್ಲ. ನೀಲಿ ಗೆರೆ ಬೀಳಲೇ ಇಲ್ಲ. ಡಿಪಿ ಮಾತ್ರ ನೋಡಿದ್ರು.

ನಮ್ಮಜ್ಜಿ ನೆಲಮಂಗಲ ಕಡೆಯ ಹಳ್ಳಿಯವಳು. ಅಂಗಡಿಗೆ ಹೋದ್ರೆ ದುಡ್ಡನ್ನ ಕಟ್ಟೆ ಮೇಲಿಟ್ಟು ಹಿಂದೆ ಸರೀಬೇಕಿತ್ತು. ಅಂಗಡಿಯವರು ಅದರ ಮೇಲೆ ನೀರು ಚಿಮುಕಿಸಿ ಎತ್ಕೊಳ್ತಿದ್ರು. ಚಿಲ್ಲರೆ ವಾಪಸ್ ಬರ್ತಿದ್ದದ್ದು ಮೇಲಿಂದ, ಸೆರಗಿಗೆ. ಬೆಲ್ಲ ಹುಳಿ ಬಂದಿದ್ರೂ, ಹೊಗೆಸೊಪ್ಪು ಬೂಸ್ಟು ಹಿಡಿದಿದ್ರೂ ವಾಪಸ್ ಕೊಡೋ ಹಾಗಿರಲಿಲ್ಲ, ಯಾಕಂದ್ರೆ ಅವಳು ಮುಟ್ಟಿಯಾಗಿತ್ತು. "ಕಾಸಿಗೆ ನೀರು ಹಾಕುದ್ರೆ ಮೈಲಿಗೆ ಹೋಗ್ತಿತ್ತು ಕಣಪ್ಪ, ಬೆಲ್ಲಕ್ಕೆ ಹಾಕುದ್ರೆ ಕರಗೋಗ್ತಿತ್ತಲ್ಲ" ಅಂತ ನಗ್ತಿದ್ಲು. ಮುಟ್ಟಿದ್ದನ್ನ ವಾಪಸ್ ಕೊಡೋ ಹಕ್ಕು ನಮಗೆ ಹೊಸದು. ₹3,200ಕ್ಕೆ ಯಾಕೆ ಇಷ್ಟು ತಲೆಕೆಡಿಸಿಕೊಳ್ತೀಯ ಅಂತ ಕೇಳಿದ ಗೆಳೆಯರಿಗೆ ನಾನು ಹೇಳಿದ್ದು ಇಷ್ಟೇ.

ಆ ಹಕ್ಕು ಕಾಗದದ ಮೇಲೆ ಗಟ್ಟಿಯಾಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ 2020ರಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಮಾಲು ನಕಲಿ ಆಗಿದ್ರೆ, ದೋಷ ಇದ್ರೆ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ರೆ ಮಾರಾಟಗಾರ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ. 'ರಿಟರ್ನ್ ಇಲ್ಲ' ಅಂತ ಅವರು ಬರೆದುಕೊಂಡಿರೋದು ನಿಮ್ಮ ಮನಸ್ಸು ಬದಲಾದಾಗ ಅನ್ವಯಿಸಬಹುದು, ನಕಲಿ ಮಾಲಿಗೆ ಅಲ್ಲ. ಆ್ಯಪಿನ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಾನು ಆ ಅಧಿಕಾರಿಗೆ ಬರೆದೆ, ಮೂರು ದಿನ ಸದ್ದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ತಗೊಂಡೆ. ಆಮೇಲೆ ಎಲ್ಲರಿಗೂ ನನ್ನ ನೆನಪು ಬಂತು.

ಈ ನಡುವೆ ರಿವ್ಯೂ ಹಾಕಿದ್ದೆ, ಒಂದು ಸ್ಟಾರ್. ಬೈಗುಳ ಇಲ್ಲ, ಕಣ್ಣೀರಿಲ್ಲ, ಆಫೀಸ್ ಟಿಪ್ಪಣಿ ಥರ ನಾಲ್ಕು ಸಾಲು: 35 ಗ್ರಾಂ ಇರಬೇಕಾದ ನಾಣ್ಯ ಡಬ್ಬಿ ಸಮೇತ 24 ಗ್ರಾಂ ತೂಗಿದೆ. ಅಯಸ್ಕಾಂತಕ್ಕೆ ಹಿಡಿಯುತ್ತದೆ. ರಿಟರ್ನ್ ನಿರಾಕರಿಸಿದ್ದಾರೆ. ಚಿತ್ರ ಲಗತ್ತಿಸಿದೆ. ಎರಡು ದಿನಕ್ಕೆ 'ಮಾರ್ಗಸೂಚಿಗೆ ವಿರುದ್ಧ' ಅಂತ ಅದನ್ನ ತೆಗೆದ್ರು. ಮತ್ತೆ ಹಾಕಿದೆ. ಈ ಸಲ ಅಕ್ಷರ ಹೋಯ್ತು, ಸ್ಟಾರ್ ಉಳೀತು. ಆನ್‌ಲೈನ್ ರಿವ್ಯೂಗಳನ್ನ ಹೇಗೆ ಪಡೀಬೇಕು, ಹೇಗೆ ಪ್ರಕಟಿಸಬೇಕು ಅಂತ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಅನ್ನೋ ಮಾನದಂಡ ತಂದಿದೆ. ಓದೋಕೆ ಚೆನ್ನಾಗಿದೆ. ಆದ್ರೆ ಪಾಲಿಸೋದು ಬಿಡೋದು ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದಾರೆ.

1915ರಿಂದ ದೂರು ಹೋದ ಮರುದಿನ ಮಾರಾಟಗಾರರ ಫೋನ್ ಬಂತು. 'ಸರ್' ವಾಪಸ್ ಬಂದಿತ್ತು. "ಸರ್, ಆ ಒಂದು ಸ್ಟಾರ್ ತೆಗೆದುಬಿಡಿ, ಐದು ಹಾಕಿ ಅಂತಾನೂ ಹೇಳಲ್ಲ. ಇವತ್ತೇ ರೀಫಂಡ್ ಹಾಕ್ತೀನಿ. ಮೇಲೆ ಇನ್ನೂರು ಸೇರಿಸಿ ಕೊಡ್ತೀನಿ."

ಸಂಘದಲ್ಲಿ ಇದರ ಮೇಲೆ ಜಗಳನೇ ಆಯ್ತು. ತೆಗೆದುಬಿಡು, ಮಕ್ಕಳ ದುಡ್ಡು ಬರಲಿ ಅಂದ್ರು ಕೆಲವರು. ತಪ್ಪಲ್ಲ ಅದು, ದುಡ್ಡು ಅವರದೇ. ನಾನು ಕೇಳಿದ್ದು, ನಾವು ತೆಗೆದ ಮೇಲೆ ಮುಂದಿನ ಗಿರಾಕಿ ಯಾರು? ಬಾಬಾಸಾಹೇಬರ ನಾಣ್ಯ ₹3,200 ಕೊಟ್ಟು ತರಿಸೋದು ಯಾರು? ಷೋಕಿಗೆ ಕೊಳ್ಳೋ ಸಂಗ್ರಹಕಾರರು ತೂಕ, ಅಂಚು, ಅಕ್ಷರ ನೋಡ್ತಾರೆ. ನಮ್ಮ ಜನ ಮುಖ ನೋಡಿ ತಗೊಳ್ತಾರೆ. ಪೂಜೆ ಕೋಣೆ ಗೋಡೆಯಲ್ಲಿ, ಮಕ್ಕಳ ಓದೋ ಟೇಬಲ್ ಮೇಲೆ ಇಡೋಕೆ ತಗೊಳ್ತಾರೆ. ಅದನ್ನ ತಕ್ಕಡಿಗೆ ಹಾಕೋಕೆ ಅವರಿಗೆ ಮನಸ್ಸು ಬರಲ್ಲ. ಈ ವ್ಯಾಪಾರ ನಿಂತಿರೋದೇ ಆ ಮನಸ್ಸಿನ ಮೇಲೆ. ಕೊನೆಗೆ ಹಳೇ ಪೌರಕಾರ್ಮಿಕ ಅಕ್ಕ ಒಬ್ರು ಅಂದ್ರು, "ನನ್ನ ಇನ್ನೂರು ಬರದಿದ್ರೂ ಚಿಂತಿಲ್ಲ, ಅವನ ಇನ್ನೂರು ಬ್ಯಾಡ." ಅಲ್ಲಿಗೆ ಮುಗೀತು. ಸ್ಟಾರ್ ತೆಗೀಲಿಲ್ಲ.

ದೂರು ಕೊಟ್ಟ 19ನೇ ದಿನಕ್ಕೆ ಪೂರ್ತಿ ದುಡ್ಡು ಬಂತು. ಷರತ್ತಿಲ್ಲ. ಅದಾದ ಎರಡು ದಿನಕ್ಕೆ ಗ್ರೂಪಿನಲ್ಲಿ ನನ್ನ ಫೋಟೋ. "ಡಿಪಿ ನೋಡಿದ್ರೆ ಗೊತ್ತಾಗುತ್ತೆ ಎಂಥವರು ಅಂತ" ಅನ್ನೋ ಸಾಲು, ಅದರ ಕೆಳಗೆ ನಗೋ ಮುಖಗಳ ಸಾಲು. ಕೆಲವು ಗೆಳೆಯರು ಅಟ್ರಾಸಿಟಿ ಕೇಸ್ ಹಾಕು ಅಂತಿದ್ದಾರೆ. ವಕೀಲರನ್ನ ಕೇಳಿದ್ದೀನಿ. ಅವರು ಜಾತಿ ಹೆಸರು ಎಲ್ಲೂ ಎತ್ತಿಲ್ಲ. ಹಾಗೆ ಎತ್ತದೆ ಆಡೋದನ್ನ ಚೆನ್ನಾಗೇ ಕಲಿತಿದ್ದಾರೆ. ಓದಿದ ಅವರಿಗೂ ಅರ್ಥ ಆಗುತ್ತೆ, ಓದಿದ ನಮಗೂ ಅರ್ಥ ಆಗುತ್ತೆ. ಅಮೆರಿಕದ ಇಬೇಯಲ್ಲಿ ಮಾರಾಟಗಾರರು ಗಿರಾಕಿಗೆ ಕೆಟ್ಟ ಫೀಡ್‌ಬ್ಯಾಕ್ ಕೊಡೋದನ್ನ 2008ರಲ್ಲೇ ನಿಲ್ಲಿಸಿದ್ರು. ದೂರು ಕೊಟ್ಟ ಗಿರಾಕಿಗಳ ಮೇಲೆ ಅದನ್ನ ಸೇಡಿಗೆ ಬಳಸ್ತಿದ್ರು ಅಂತ. ಇಲ್ಲಿ ಆ್ಯಪಿನೊಳಗೆ ಕೊಡೋಕಾಗಲ್ಲ, ಸರಿ. ಅದಕ್ಕೆ ಹೊರಗಿನ ಗ್ರೂಪ್ ಇದೆ. ಅಲ್ಲಿ ರಿವ್ಯೂ ತೆಗೆಸೋಕೆ ನಾನು ಯಾವ ಅಧಿಕಾರಿಗೆ ಬರೀಲಿ? ಅಡ್ಮಿನ್‌ಗೆ ವಿಡಿಯೋ, ಚೀಟಿ, ರೀಫಂಡ್ ಮೆಸೇಜ್ ಮೂರೂ ಕಳಿಸಿದ್ದೀನಿ. "ನೋಡ್ತೀವಿ" ಅಂದಿದ್ದಾರೆ.

ಇನ್ನೊಂದು ಮುಖ್ಯ ವಿಷಯ. ಇದನ್ನೆಲ್ಲ ಹೇಳ್ತಿದ್ದಾಗ ತುಮಕೂರಿನ ಒಬ್ಬ ಹುಡುಗ ಒಂದು ನಾಣ್ಯದ ಫೋಟೋ ಕಳಿಸಿದ. "ಅಣ್ಣ, ಭೀಮಾ ಕೋರೆಗಾಂವ್ ವರ್ಷದ ಕಾಯಿನ್, ಕಂಪನಿ ಕಾಲದ್ದು, ಎರಡು ಸಾವಿರಕ್ಕೆ ಕೊಡ್ತಿದ್ದಾರೆ." ಒಂದು ಕಡೆ 'ಈಸ್ಟ್ ಇಂಡಿಯಾ ಕಂಪನಿ, 1818'. ತಿರುಗಿಸಿದ್ರೆ ರಾಮ, ಸೀತೆ, ಲಕ್ಷ್ಮಣ, ಕಾಲ ಬಳಿ ಹನುಮಂತ! 1818ರ ಜನವರಿ 1ರಂದು ಪೇಶ್ವೆ ಸೈನ್ಯದ ಎದುರು ನಿಂತ ಮಹಾರ್ ಸೈನಿಕರ ನೆನಪಿಗೆ ಇದನ್ನ ಕೊಳ್ಳಬೇಕಂತೆ. ದಯವಿಟ್ಟು ಕೇಳಿ, ಕಂಪನಿ ಅಂಥ ನಾಣ್ಯ ಹೊಡೆಸಲೇ ಇಲ್ಲ. ಅವು ದೇವರ ಚಿತ್ರದ ಬಿಲ್ಲೆಗಳು. ಮೇಲೆ 1616, 1717, 1818 ಅಂತ ಬಾಯಿಗೆ ಬಂದ ಇಸವಿ ಒತ್ತಿರ್ತಾರೆ. 1818ರಲ್ಲಿ ಮದರಾಸು, ಬಂಗಾಳ, ಬೊಂಬಾಯಿಗೆ ಬೇರೆ ಬೇರೆ ನಾಣ್ಯಗಳಿದ್ದವು. ಮದರಾಸಿನ 1808ರ 10 ಕಾಸು, 20 ಕಾಸು ನೋಡಿದ್ರೆ ಕಂಪನಿಯ ಲಾಂಛನ ಕಾಣುತ್ತೆ. ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಥರದ ಕಂಪನಿ ನಾಣ್ಯ ಬಂದದ್ದು 1835ರಲ್ಲಿ. ಹುಡುಗ ಉಳ್ಕೊಂಡ. ಹಾಗೇ "ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ" ಅಂತ ರಿಸರ್ವ್ ಬ್ಯಾಂಕ್ ಹೆಸರಲ್ಲಿ ಫೋನ್ ಬಂದ್ರೆ ಕಟ್ ಮಾಡಿ. 2021ರ ಆಗಸ್ಟಿನಲ್ಲಿ ಬ್ಯಾಂಕೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಮಕ್ಕಳಿಗೆ ಏನು ಕೊಟ್ರಿ ಅಂತ ಕೇಳಿದವರಿಗೆ: 1990ರ ಒಂದು ರೂಪಾಯಿ. ಬಾಬಾಸಾಹೇಬರ ಜನ್ಮಶತಮಾನೋತ್ಸವಕ್ಕೆ ಬಂದಿದ್ದು, ತಾಮ್ರ-ನಿಕ್ಕಲ್, ನಮ್ಮ ಚಿಕ್ಕಂದಿನಲ್ಲಿ ಜೇಬಲ್ಲೇ ಇರ್ತಿದ್ದ ನಾಣ್ಯ. ನಾಣ್ಯ ಪ್ರದರ್ಶನದ ಮೇಜಿನ ಮೇಲೆ ಕೈಯಲ್ಲಿ ಹಿಡಿದು, ಅಯಸ್ಕಾಂತ ಇಟ್ಟು ನೋಡಿ, ಒಂದಕ್ಕೆ ಐವತ್ತು ರೂಪಾಯಿ ಕೊಟ್ಟು ತಂದ್ವಿ. ಉಳಿದ ದುಡ್ಡಿಗೆ ಪುಸ್ತಕ. 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿ ಸಮಸ್ಯೆ ಬಗ್ಗೆಯೇ ಪುಸ್ತಕ ಪ್ರಕಟಿಸಿದವರ ಮುಖ ರೂಪಾಯಿ ಮೇಲೆ ಬರೋಕೆ 67 ವರ್ಷ ಹಿಡೀತು ಅಂತ ನಾನು ಭಾಷಣ ಶುರು ಮಾಡಿದ್ರೆ, ಏಳನೇ ಕ್ಲಾಸಿನ ಹುಡುಗಿ ಕೈ ಎತ್ತಿದ್ಲು. "ಸಾರ್, ಇದನ್ನ ಅಂಗಡೀಲಿ ಕೊಟ್ರೆ ತಗೊಳ್ತಾರಾ?" ತಗೊಳ್ಳಲೇಬೇಕು ಕಣಮ್ಮ, ಅದು ರೂಪಾಯಿ ಅಂದೆ. ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಈಗ ಕೆಲಸದ ಮಾತು. ನನ್ನ ದುಡ್ಡು ಬಂದಿದೆ, ಆದ್ರೆ ಅದೇ ನಾಣ್ಯ ಅದೇ ಫೋಟೋ ಹಾಕಿ ಇವತ್ತು ಬೆಳಿಗ್ಗೆನೂ ಮಾರಾಟಕ್ಕಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು, ವಕೀಲರು ಬೇಕೇ ಬೇಕು ಅಂತಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದ್ರೂ ಆನ್‌ಲೈನಲ್ಲಿ ತರಿಸಿದ 125ರ ನಾಣ್ಯ ಇದ್ರೆ ಇವತ್ತೇ ಫ್ರಿಜ್ ಬಾಗಿಲ ಅಯಸ್ಕಾಂತ ತೆಗೆದು ಹತ್ತಿರ ಹಿಡೀರಿ. ಅಂಟ್ಕೊಂಡ್ರೆ ಡಬ್ಬಿ ಬಿಸಾಕಬೇಡಿ, ಕೊರಿಯರ್ ಕವರ್ ಬಿಸಾಕಬೇಡಿ, ರೀಫಂಡಿಗಾಗಿ ರಿವ್ಯೂ ಅಳಿಸಬೇಡಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಾಠ ನಡೆಯೋ ಜಾಗದಲ್ಲೇ ಕೂತು ಎಲ್ಲರ ಅರ್ಜಿ ಬರೆಯೋಣ. ದೂರದವರು ಇನ್‌ಬಾಕ್ಸಿಗೆ ಕಳಿಸಿ. ಬೆಳ್ಳಿ ಅಂಗಡಿಯ ತೂಕದ ಚೀಟಿ, ಸೀಲು ಸಮೇತ, ಮರೀಬೇಡಿ.

ಜೈ ಭೀಮ್.