ಗಾಡಿಯ ತಲೆ ಕೆಟ್ಟಾಗ

“ಸರ್, ಇಸಿಯು ಹೋಗಿದೆ. ಹೊಸದೇ ಹಾಕಬೇಕು.”

ಹೈದರಾಬಾದಿನ ಒಂದು ಸರ್ವಿಸ್ ಸೆಂಟರಿನವರಿಗೆ ಈ ತೀರ್ಪು ಕೊಡಲು ಹತ್ತು ನಿಮಿಷ ಸಾಕಾಯಿತು. ಅಂದಾಜು ಚೀಟಿಯಲ್ಲಿದ್ದ ಮೊತ್ತ, ನನ್ನ 2014ರ ಗಾಡಿಯನ್ನು ಮಾರಿದರೆ ಬರುವ ದುಡ್ಡಿನ ಮೂರನೇ ಒಂದು ಪಾಲು. ಅಷ್ಟು ಕೊಟ್ಟರೂ ಸಾಮಾನು ಬರಲು ಎರಡು ವಾರ. ನನಗಿದ್ದದ್ದು ಎಂಟೇ ದಿನ. ರಾಯಚೂರಿನಿಂದ ಅಮ್ಮನನ್ನು ಕಣ್ಣಿನ ಆಪರೇಷನ್ನಿಗೆ ಕರೆತರಬೇಕಿತ್ತು. ಬಸ್ಸಿನಲ್ಲಿ ಕೂತರೆ ಅವಳಿಗೆ ಸೊಂಟ ಹಿಡಿಯುತ್ತದೆ.

ಇಸಿಯು ಅಂದರೆ ಎಂಜಿನ್ ಕಂಟ್ರೋಲ್ ಯೂನಿಟ್. ಎಷ್ಟು ಪೆಟ್ರೋಲ್ ಬಿಡಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಿಸಬೇಕು ಎಂದು ತೀರ್ಮಾನಿಸುವ ಪುಟ್ಟ ಕಂಪ್ಯೂಟರ್. ಎರಡು ದಿನ ಬಿಡದೆ ಸುರಿದ ಮಳೆಯ ಮರುದಿನ ನಮ್ಮ ಗಾಡಿ ಹಟ ಹಿಡಿದಿತ್ತು. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಹತ್ತಬೇಕಾದ ಎಂಜಿನ್ ದೀಪವೂ ಹತ್ತುವುದಿಲ್ಲ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಲ್ಲಿ ಪರಿಚಯವಾದ ಗೆಳೆಯರೊಬ್ಬರು ಉಪ್ಪಲ್ ಕಡೆಯ ಒಂದು ಗಲ್ಲಿ ಗ್ಯಾರೇಜಿನ ದಾರಿ ತೋರಿಸಿದರು. ಅಲ್ಲಿನ ಉಸ್ತಾದ್ ನನ್ನ ಚೀಟಿ ಓದಿ ನಕ್ಕರು: “ನಬ್ಜ್ ದೇಖೇ ಬಗೈರ್ ಆಪರೇಷನ್ ಕರ್ತೇ ಕ್ಯಾ ಸಾಬ್?” ನಾಡಿ ಹಿಡಿಯದೆ ಕತ್ತರಿ ಹಿಡಿಯುತ್ತಾರೆಯೇ?

ಸ್ಕ್ಯಾನರ್ ಹಾಕಿದಾಗ ಬ್ರೇಕಿನ ಎಬಿಎಸ್ ಕಂಪ್ಯೂಟರ್ ಮಾತಾಡಿತು, ಏರ್‌ಬ್ಯಾಗಿನದೂ ಮಾತಾಡಿತು. ಎಂಜಿನ್ನಿನದು ಮಾತ್ರ ಮೌನ. ಎಬಿಎಸ್ ಯು0100 ಎಂಬ ದೂರು ದಾಖಲಿಸಿತ್ತು: ಎಂಜಿನ್ ಕಂಪ್ಯೂಟರಿನ ಜೊತೆ ಸಂಪರ್ಕ ತಪ್ಪಿದೆ. ಸರ್ವಿಸ್ ಸೆಂಟರಿನವರು ನೋಡಿದ್ದೂ ಇದನ್ನೇ. ಆದರೆ ಪಕ್ಕದ ಮನೆಯವರು ಬಾಗಿಲು ತೆಗೆಯಲಿಲ್ಲವೆಂದರೆ ಸತ್ತೇಹೋಗಿದ್ದಾರೆ ಎಂದು ಅರ್ಥವಲ್ಲ. ಕರೆಂಟು ಹೋಗಿ ಕಾಲಿಂಗ್ ಬೆಲ್ ಕೇಳಿಸದೇ ಇರಬಹುದು.

ಉಸ್ತಾದ್ ಮೊದಲು ನೋಡಿದ್ದು ಕರೆಂಟನ್ನೇ. ಬ್ಯಾಟರಿ, ಫ್ಯೂಸ್, ರಿಲೇ ಎಲ್ಲ ಸರಿ. ಇಸಿಯು ಕನೆಕ್ಟರಿನಲ್ಲಿ ಮಲ್ಟಿಮೀಟರ್ 12 ವೋಲ್ಟ್ ತೋರಿಸಿತು. ಅವರು ಅದನ್ನೂ ನಂಬಲಿಲ್ಲ. 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಅದೇ ತಂತಿಗೆ ಜೋಡಿಸಿದರು. ತುಕ್ಕು ಹಿಡಿದು ಒಂದೇ ಎಳೆ ಉಳಿದ ತಂತಿಯೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಆದರೆ ಬಲ್ಬು ಉರಿಸಲು ಅದರ ಕೈಲಾಗದು. ನಮ್ಮ ಬಲ್ಬು ಧಗ್ಗನೆ ಉರಿಯಿತು. ಅರ್ತಿಂಗ್ ಕೂಡ ಗಟ್ಟಿಯಾಗಿತ್ತು.

ಎರಡನೆಯದು ಮಾತಿನ ತಂತಿ. ಗಾಡಿಯ ಕಂಪ್ಯೂಟರುಗಳು ಕ್ಯಾನ್ ಎಂಬ ಜೋಡಿ ತಂತಿಯ ಮೇಲೆ ಹರಟುತ್ತವೆ. ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ ವ್ಯವಸ್ಥೆ ಅದು. ಎರಡೂ ತುದಿಯಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ ತಂತಿ ಎಲ್ಲೂ ಕಡಿಯದಿದ್ದರೆ ಒಟ್ಟು 60 ಓಮ್ ಸಿಗಬೇಕು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿನ 6 ಮತ್ತು 14ನೇ ಪಿನ್ನಿನ ನಡುವೆ ಅಳೆದಾಗ 60 ಸಿಕ್ಕಿತು.

ಕೊನೆಯದು 5 ವೋಲ್ಟ್. ಸೆನ್ಸರುಗಳಿಗೆ ಇಸಿಯು ತಾನೇ ಕೊಡುವ ಕೈಖರ್ಚು ಇದು. ಒಂದು ಸೆನ್ಸರ್ ಶಾರ್ಟ್ ಆದರೂ ಈ 5 ವೋಲ್ಟ್ ಕುಸಿದು, ಇಸಿಯು ಸತ್ತಂತೆ ಕಾಣಬಹುದು. ಒಂದೊಂದೇ ಸೆನ್ಸರ್ ಬಿಚ್ಚುತ್ತ ಬಂದರು. ಎಲ್ಲ ಬಿಚ್ಚಿದರೂ 5 ವೋಲ್ಟ್ ಬರಲಿಲ್ಲ. ಒಳಗೆ ಊಟ ಹೋಗುತ್ತಿದೆ, ಹೊರಗೆ ಉಸಿರಿಲ್ಲ. “ಅಬ್ ಬೋಲ್ ಸಕ್ತೇ, ಗಯಾ,” ಎಂದರು.

ಮೊದಲ ತೀರ್ಪೇ ನಿಜವಾಯಿತಲ್ಲ, ಇಷ್ಟೆಲ್ಲ ಯಾಕೆ ಬೇಕಿತ್ತು ಎನ್ನಬಹುದು. ಉತ್ತರ ಪೆಟ್ಟಿಗೆ ಬಿಚ್ಚಿದಾಗ ಸಿಕ್ಕಿತು. ಬೋರ್ಡಿನ ಮೇಲೆ ಹಸಿರು ಕಿಲುಬು. ವೈಪರ್ ಕೆಳಗಿನ ನೀರು ಹೋಗುವ ತೂತಿಗೆ ಬೇವಿನೆಲೆ ಕಟ್ಟಿಕೊಂಡು, ಮಳೆನೀರು ವೈರಿಂಗ್ ಹಿಡಿದು ಒಳಗೆ ಇಳಿದಿತ್ತು. ಆ ತೂತು ಬಿಡಿಸದೆ ಹೊಸ ಇಸಿಯು ಕೂರಿಸಿದ್ದರೆ ಮುಂದಿನ ಮಳೆಗೆ ಅದೂ ಹೋಗುತ್ತಿತ್ತು. 1908ರ ಮೂಸಿ ಪ್ರವಾಹದ ನಂತರ ಈ ಊರಿಗೆ ಬಂದ ನಮ್ಮ ವಿಶ್ವೇಶ್ವರಯ್ಯನವರೂ ಮುಳುಗಿದ ಬೀದಿಗಳನ್ನಷ್ಟೇ ನೋಡಲಿಲ್ಲ. ನೀರು ಬರುವ ದಾರಿ ಹುಡುಕಿ, ಮೇಲ್ಗಡೆ ಜಲಾಶಯ ಕಟ್ಟಲು ಹೇಳಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಹಾಗೆ.

ಅದೇ ಪಾರ್ಟ್ ನಂಬರಿನ ಹಳೆಯ ಇಸಿಯು ಒಂದು ಬಿಲ್ಲಿನ ಸಮೇತ ಸಿಕ್ಕಿತು. ಕೂರಿಸಿದರೂ ಗಾಡಿ ಹೊರಡಲಿಲ್ಲ! “ದೂಸ್ರೇ ಕಾ ದಿಮಾಗ್ ಹೈ ಸಾಬ್, ಅಪ್ನೀ ಚಾಬೀ ಕು ಪೈಚಾನ್ತಾ ನೈ.” ಕೀಲಿಯೊಳಗೆ ಒಂದು ಚಿಪ್ ಇರುತ್ತದೆ, ಅದರ ಗುರುತು ಹೊಂದದಿದ್ದರೆ ಕಳ್ಳನೆಂದು ತಿಳಿದು ಇಸಿಯು ಎಂಜಿನ್ನನ್ನು ತಡೆಯುತ್ತದೆ. ಅದೃಷ್ಟಕ್ಕೆ ನಮ್ಮ ಸತ್ತ ಬೋರ್ಡಿನ ಎಂಟು ಕಾಲಿನ ಮೆಮೊರಿ ಚಿಪ್ ಬದುಕಿತ್ತು. ಬೋರ್ಡ್ ರಿಪೇರಿ ಮಾಡುವ ಹುಡುಗನೊಬ್ಬ ಅದರಲ್ಲಿದ್ದುದನ್ನು ಓದಿ ಹೊಸದಕ್ಕೆ ತುಂಬಿದ. ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ ಅಂದಳು: “ಹಂಗಾರ ಹೊಸ ಸೊಸಿಗೆ ಮನಿ ಮಂದಿ ಗುರ್ತು ಹೇಳಿಕೊಟ್ಟಂಗಾತು ಬಿಡಪ.”

ಐದನೇ ದಿನ ಗಾಡಿ ಹೊರಟಿತು. ಸರ್ವಿಸ್ ಸೆಂಟರಿನ ಚೀಟಿಯ ಕಾಲು ಭಾಗದಷ್ಟೂ ಖರ್ಚಾಗಲಿಲ್ಲ. ಮಹಬೂಬ್‌ನಗರ, ಮಕ್ತಲ್ ದಾಟಿ ಕೃಷ್ಣಾ ಸೇತುವೆಯ ಮೇಲೆ ಹೋಗುವಾಗ ಮಳೆ ಮತ್ತೆ ಶುರುವಾಯಿತು. ಎಂಜಿನ್ ದೀಪ ಹತ್ತಲಿಲ್ಲ. ಆಪರೇಷನ್ ಹೇಳಿದ ದಿನವೇ ಆಯಿತು.

ನಿಮ್ಮ ಗಾಡಿಗೂ ಯಾರಾದರೂ ಇದೇ ತೀರ್ಪು ಕೊಟ್ಟರೆ, ದುಡ್ಡು ಎಣಿಸುವ ಮೊದಲು ಮೂರು ಮಾತು ಕೇಳಿ. ಕರೆಂಟು ಮತ್ತು ಅರ್ತಿಂಗನ್ನು ಬಲ್ಬು ಹಾಕಿ ನೋಡಿದಿರಾ? ಸೆನ್ಸರ್ ಬಿಚ್ಚಿ 5 ವೋಲ್ಟ್ ನೋಡಿದಿರಾ? ಇದು ಕೆಟ್ಟದ್ದು ಯಾವುದರಿಂದ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಗಾಡಿಯನ್ನು ಬೇರೆಯವರಿಗೆ ಒಮ್ಮೆ ತೋರಿಸಿ.